ಸ್ಕೋರ್ ನೋಡಿ ಲ್ಯಾಪ್‌ಟಾಪ್ ತಗೊಳ್ತೀರಾ? ಸ್ವಲ್ಪ ತಡೀರಿ

ಹೊಸ ಫೋನೋ ಲ್ಯಾಪ್‌ಟಾಪೋ ಬಿಡುಗಡೆಯಾಗುವ ದಿನ ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಒಂದು ಸಾಲು ಬಂದೇ ಬರುತ್ತೆ: 'ಶೇ 40ರಷ್ಟು ಹೆಚ್ಚು ವೇಗ'. ಆ 40ರ ಪಕ್ಕದಲ್ಲಿ ಒಂದು ಪುಟ್ಟ ನಕ್ಷತ್ರ ಚಿಹ್ನೆ ಇರುತ್ತೆ, ಗಮನಿಸಿದ್ದೀರಾ? ಪರದೆಯ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಆ ನಕ್ಷತ್ರದ ವಿವರ ಇರುತ್ತೆ. ಯಾವ ಪರೀಕ್ಷೆ, ಎಷ್ಟು ವರ್ಷ ಹಳೆಯ ಮಾಡೆಲ್ ಜೊತೆ ಹೋಲಿಕೆ, ಎಷ್ಟು ರ್‍ಯಾಮ್ ಹಾಕಿದ್ದರು ಅನ್ನೋದೆಲ್ಲ ಅಲ್ಲಿ. ಚಪ್ಪಾಳೆ ಬೀಳೋದು ಮಾತ್ರ 40ಕ್ಕೆ. ದೀಪಾವಳಿ ಸೇಲ್‌ನಲ್ಲಿ ನಮ್ಮ ಕೈಯಿಂದ ಅರವತ್ತು ಎಪ್ಪತ್ತು ಸಾವಿರ ಬಿಚ್ಚಿಸೋದೂ ಅದೇ 40.

ಈ ಸಂಖ್ಯೆಗಳು ಹುಟ್ಟೋದು ಬೆಂಚ್‌ಮಾರ್ಕ್ ಎಂಬ ಪರೀಕ್ಷೆಗಳಿಂದ. ಚಿನ್ನಕ್ಕೆ ಒರೆಗಲ್ಲು ಇದ್ದಂತೆ ಪ್ರೊಸೆಸರ್‌ಗೆ ಬೆಂಚ್‌ಮಾರ್ಕ್. ಎಲ್ಲ ಪ್ರೊಸೆಸರ್‌ಗಳಿಗೂ ಒಂದೇ ಕೆಲಸ ಕೊಡೋದು, ಯಾರು ಎಷ್ಟು ಬೇಗ ಮುಗಿಸ್ತಾರೆ ಅಂತ ನೋಡೋದು. ಕೇಳೋಕೆ ಇಷ್ಟೇ. ಆದರೆ 'ಒಂದೇ ಕೆಲಸ' ಅಂದ್ರೆ ಯಾವ ಕೆಲಸ ಅನ್ನೋ ಪ್ರಶ್ನೆಗೆ ಕಂಪ್ಯೂಟರ್ ಲೋಕ ಐವತ್ತು ವರ್ಷಗಳಿಂದ ತಲೆ ಕೆರೆದುಕೊಳ್ತಾ ಇದೆ.

ಗಿಗಾಹರ್ಟ್ಸ್ ನೋಡಿದ್ರೆ ಸಾಲದಾ?

ಸಾಲದು. ಗಿಗಾಹರ್ಟ್ಸ್ ಹೇಳೋದು ಪ್ರೊಸೆಸರ್ ಸೆಕೆಂಡಿಗೆ ಎಷ್ಟು ಹೆಜ್ಜೆ ಇಡುತ್ತೆ ಅಂತ. ಒಂದೊಂದು ಹೆಜ್ಜೆ ಎಷ್ಟು ಉದ್ದ ಅನ್ನೋದನ್ನು ಅದು ಹೇಳಲ್ಲ. 2000ದ ನವೆಂಬರ್‌ನಲ್ಲಿ ಇಂಟೆಲ್ ಪೆಂಟಿಯಂ 4 ತಂದಾಗ ಅದರ ವೇಗ 1.4 ಮತ್ತು 1.5 ಗಿಗಾಹರ್ಟ್ಸ್. ಆ ಕಾಲಕ್ಕೆ ಬೆರಗಾಗುವ ಸಂಖ್ಯೆ. ಆದರೆ ಅಷ್ಟು ವೇಗ ಮುಟ್ಟಲು ಒಳಗಿನ ಕೆಲಸವನ್ನು 20 ಸಣ್ಣ ಸಣ್ಣ ಹಂತಗಳಾಗಿ ಒಡೆದಿದ್ದರು. ಹೆಜ್ಜೆ ಜಾಸ್ತಿ, ಆದರೆ ಪ್ರತಿ ಹೆಜ್ಜೆ ಗಿಡ್ಡ. ಕೆಲವು ಪ್ರೋಗ್ರಾಂಗಳಲ್ಲಿ 1 ಗಿಗಾಹರ್ಟ್ಸ್‌ನ ಹಳೆಯ ಪೆಂಟಿಯಂ 3 ಅದನ್ನು ಹಿಂದೆ ಹಾಕಿತು. ಎದುರಾಳಿ ಎಎಂಡಿ ಕಂಪನಿಗೆ ಇದೇ ಬೇಜಾರು. ಅವರ ಚಿಪ್ ಕಡಿಮೆ ಗಿಗಾಹರ್ಟ್ಸ್‌ನಲ್ಲೇ ಅಷ್ಟೇ ಕೆಲಸ ಮುಗಿಸುತ್ತಿತ್ತು, ಆದರೆ ಅಂಗಡಿಯಲ್ಲಿ ಜನ ದೊಡ್ಡ ಸಂಖ್ಯೆಯತ್ತ ಕೈ ಚಾಚ್ತಿದ್ದರು. ಅದಕ್ಕೇ 2001ರಲ್ಲಿ 1.53 ಗಿಗಾಹರ್ಟ್ಸ್‌ನ ಚಿಪ್‌ಗೆ 'ಅಥ್ಲಾನ್ ಎಕ್ಸ್‌ಪಿ 1800+' ಅಂತ ಹೆಸರಿಟ್ಟರು. ಹೆಸರಲ್ಲೇ ಸ್ಕೋರ್ ತುರುಕುವ ಚಾಳಿಗೆ ಇದೊಂದು ಒಳ್ಳೆಯ ಉದಾಹರಣೆ.

ಹಾಗಾಗಿ ಉಳಿಯೋದು ಒಂದೇ ದಾರಿ. ನಿಜವಾಗಿ ಪ್ರೋಗ್ರಾಂ ಓಡಿಸಿ ಗಡಿಯಾರ ನೋಡಬೇಕು.

ಸಾಣೆಕಲ್ಲಿನ ಕಥೆ

ಹೀಗೆ ಓಡಿಸಿ ನೋಡೋಕೆ ಅಂತಲೇ 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಬರೆದ ಪ್ರೋಗ್ರಾಂ ವೆಟ್‌ಸ್ಟೋನ್. ವಿಜ್ಞಾನಿಗಳು ಬರೆಯುವ ಪ್ರೋಗ್ರಾಂಗಳಲ್ಲಿ ಕೂಡು-ಕಳೆ, ಸೈನ್-ಕೊಸೈನ್ ಇತ್ಯಾದಿ ಯಾವ ಪ್ರಮಾಣದಲ್ಲಿ ಬರುತ್ತವೋ ಅದೇ ಪ್ರಮಾಣದಲ್ಲಿ ಬೆರೆಸಿ ಮಾಡಿದ ಕೃತಕ ಪ್ರೋಗ್ರಾಂ ಅದು. ವೆಟ್‌ಸ್ಟೋನ್ ಅನ್ನೋದು ಮೂಲತಃ ಇಂಗ್ಲೆಂಡಿನ ಒಂದು ಊರಿನ ಹೆಸರು. ಪದದ ಅರ್ಥ ನಮ್ಮ ಸಾಣೆಕಲ್ಲು. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಎಂಬುವರು ದಶಮಾಂಶ ಲೆಕ್ಕವಿಲ್ಲದ, ಪೂರ್ಣಾಂಕ ಮತ್ತು ಅಕ್ಷರಗಳ ಮೇಲೆ ಕೆಲಸ ಮಾಡುವ ಇನ್ನೊಂದು ಪರೀಕ್ಷೆ ಬರೆದರು. 'ಅದು ವೆಟ್, ಒದ್ದೆ. ಹಾಗಾದ್ರೆ ಇದು ಡ್ರೈ' ಅನ್ನೋ ಪನ್‌ನಲ್ಲಿ ಅದರ ಹೆಸರು ಡ್ರೈಸ್ಟೋನ್ ಆಯ್ತು. ಎಂಜಿನಿಯರ್‌ಗಳ ಹಾಸ್ಯ ಆಗಲೂ ಇಷ್ಟೇ ಇತ್ತು.

ಡ್ರೈಸ್ಟೋನ್ ಜನಪ್ರಿಯವಾಯಿತು, ಕೆಟ್ಟಿದ್ದೂ ಅದರಿಂದಲೇ. ಪ್ರೋಗ್ರಾಂ ತೀರಾ ಪುಟ್ಟದು. ಇಡೀ ಪ್ರೋಗ್ರಾಂ ಪ್ರೊಸೆಸರ್‌ನ ಕ್ಯಾಶ್ ಒಳಗೇ ಕೂರುತ್ತೆ, ಹಾಗಾಗಿ ನಿಧಾನವಾದ ಮೆಮೊರಿಯ ಕಷ್ಟ ಅದಕ್ಕೆ ತಾಗೋದೇ ಇಲ್ಲ. ಜೊತೆಗೆ ಕಂಪೈಲರ್ ಜಾಣವಾದಷ್ಟೂ 'ಈ ಲೆಕ್ಕದ ಉತ್ತರವನ್ನು ಯಾರೂ ಬಳಸ್ತಾ ಇಲ್ವಲ್ಲ' ಅಂತ ಕೆಲಸವನ್ನೇ ತೆಗೆದುಹಾಕಬಲ್ಲದು. ಅಳೆಯೋಕೆ ಹೊರಟಿದ್ದು ಪ್ರೊಸೆಸರ್ ಶಕ್ತಿ, ಅಳೆದಿದ್ದು ಕಂಪೈಲರ್ ಚಾಣಾಕ್ಷತನ. ಇಂದಿಗೂ ಸಣ್ಣ ಎಂಬೆಡೆಡ್ ಚಿಪ್‌ಗಳ ಡೇಟಾಶೀಟ್‌ನಲ್ಲಿ 'ಡಿಮಿಪ್ಸ್' ಅಂತ ಕಾಣುತ್ತಲ್ಲ, ಅದು ಈ ಡ್ರೈಸ್ಟೋನ್‌ನದೇ ಬಾಲ. ವ್ಯಾಕ್ಸ್ 11/780 ಎಂಬ ಹಳೆಯ ಕಂಪ್ಯೂಟರ್ ಸೆಕೆಂಡಿಗೆ 1757 ಸಲ ಡ್ರೈಸ್ಟೋನ್ ಓಡಿಸುತ್ತಿತ್ತು. ಅದನ್ನೇ 1 ಅಂತ ಹಿಡಿದರು.

ಸೂಪರ್‌ಕಂಪ್ಯೂಟರ್‌ಗಳ ಓಟವೇ ಬೇರೆ. ಜಗತ್ತಿನ 500 ದೊಡ್ಡ ಯಂತ್ರಗಳ ಪಟ್ಟಿ 1993ರಿಂದ ವರ್ಷಕ್ಕೆರಡು ಸಲ ಬರುತ್ತೆ. ಅಲ್ಲಿ ಲಿನ್‌ಪ್ಯಾಕ್ ಎಂಬ ಒಂದೇ ಪರೀಕ್ಷೆ, ಅಂದ್ರೆ ಒಂದು ದೈತ್ಯ ಗಾತ್ರದ ಸಮೀಕರಣಗಳ ಗುಂಪನ್ನು ಬಿಡಿಸೋದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ 'ಪರಮ್ ಪ್ರವೇಗ'ವನ್ನು 3.3 ಪೆಟಾಫ್ಲಾಪ್ ಅಂತ ಹೇಳ್ತಾರಲ್ಲ, ಆ ಪೆಟಾಫ್ಲಾಪ್ ಕೂಡ ಇಂಥ ದಶಮಾಂಶ ಲೆಕ್ಕಗಳ ವೇಗದ್ದೇ ಮಾತು. ಅದರಿಂದ ನಿಮ್ಮ ಬ್ರೌಸರ್ ಬಗ್ಗೆ ಏನೂ ತಿಳಿಯಲ್ಲ.

ನಿಜವಾದ ಪ್ರೋಗ್ರಾಂಗಳ ಪರೀಕ್ಷೆ

1988ರಲ್ಲಿ ಅಪೊಲೊ, ಎಚ್‌ಪಿ, ಮಿಪ್ಸ್, ಸನ್ ಎಂಬ ಕಂಪನಿಗಳು ಸೇರಿ ಸ್ಪೆಕ್ ಎಂಬ ಸಂಸ್ಥೆ ಕಟ್ಟಿದವು. ನಾಲ್ವರೂ ಪೈಪೋಟಿದಾರರು. ಪ್ರತಿಯೊಬ್ಬರೂ ತಮಗೆ ಬೇಕಾದ ಪರೀಕ್ಷೆ ತೋರಿಸಿ 'ನಾವೇ ಫಸ್ಟ್' ಅನ್ನುತ್ತಿದ್ದರೆ ಕೊನೆಗೆ ಯಾರ ಮಾತನ್ನೂ ಯಾರೂ ನಂಬಲ್ಲ ಅಂತ ಅವರಿಗೇ ಅನ್ನಿಸಿತ್ತು. ಅವರ ಮೊದಲ ಕಂತಿನಲ್ಲಿ 10 ಪ್ರೋಗ್ರಾಂಗಳಿದ್ದವು. ಸ್ಪೆಕ್ ಸಿಪಿಯು 2017ರಲ್ಲಿ ಒಟ್ಟು 43.

ಈ 43ರ ಪಟ್ಟಿ ಓದೋಕೇ ಮಜಾ. ಜಿಸಿಸಿ ಕಂಪೈಲರ್ ಇದೆ, ವಿಡಿಯೊ ಕುಗ್ಗಿಸುವ ಎಕ್ಸ್264 ಇದೆ, ಚೆಸ್ ಆಡುವುದಿದೆ, ಸುಡೊಕು ಹೆಣೆಯುವುದಿದೆ, ಹವಾಮಾನ ಲೆಕ್ಕ ಹಾಕುವುದಿದೆ. ಎಂಸಿಎಫ್ ಅನ್ನೋದೊಂದಿದೆ, ಅದು ಡಿಪೊ ಒಂದರಿಂದ ಹೊರಡುವ ಸಾರಿಗೆ ವಾಹನಗಳ ವೇಳಾಪಟ್ಟಿ ಹೊಂದಿಸುವ ಲೆಕ್ಕ. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾದವರಿಗೆ ಇದು ಎಷ್ಟು ಕಷ್ಟದ ಲೆಕ್ಕ ಅಂತ ಬಿಡಿಸಿ ಹೇಳಬೇಕಿಲ್ಲ.

ಸ್ಕೋರ್ ಹಾಕುವ ಕ್ರಮ ಹೀಗೆ: ಒಂದು ಹಳೆಯ ಯಂತ್ರವನ್ನು ಮಾನದಂಡ ಅಂತ ಇಟ್ಕೊಳ್ತಾರೆ. ಅದರಲ್ಲಿ ಒಂದು ಪ್ರೋಗ್ರಾಂ 1000 ಸೆಕೆಂಡ್ ತಗೊಂಡು ನಿಮ್ಮದರಲ್ಲಿ 100 ಸೆಕೆಂಡ್ ಆದರೆ ಆ ಪ್ರೋಗ್ರಾಂಗೆ ನಿಮ್ಮ ಅಂಕ 10. ಹೀಗೆ ಪ್ರತಿಯೊಂದರ ಅಂಕ ತೆಗೆದು ಕೊನೆಗೆ ಒಂದು ಸರಾಸರಿ. ಇಲ್ಲೇ ಒಂದು ಸ್ವಾರಸ್ಯ ಇರೋದು. ನಾವು ಶಾಲೆಯಲ್ಲಿ ಮಾಡುವ ಕೂಡಿಸಿ-ಭಾಗಿಸುವ ಸರಾಸರಿ ಇಲ್ಲಿ ಕೈಕೊಡುತ್ತೆ.

ಒಂದು ಚಿಕ್ಕ ಲೆಕ್ಕ ನೋಡಿ. ಯಂತ್ರ ಅ ಮೊದಲ ಪ್ರೋಗ್ರಾಂ ಅನ್ನು 10 ಸೆಕೆಂಡಿನಲ್ಲಿ, ಎರಡನೆಯದನ್ನು 100 ಸೆಕೆಂಡಿನಲ್ಲಿ ಮುಗಿಸುತ್ತೆ. ಯಂತ್ರ ಬ ಮೊದಲನೆಯದಕ್ಕೆ 20, ಎರಡನೆಯದಕ್ಕೆ 50 ತಗೊಳ್ಳುತ್ತೆ. ಅ-ವನ್ನು ಮಾನದಂಡ ಮಾಡಿದರೆ ಬ-ಗೆ ಹಿಡಿದ ಸಮಯ 2 ಪಟ್ಟು ಮತ್ತು ಅರ್ಧ ಪಟ್ಟು, ಸರಾಸರಿ 1.25. ಅಂದ್ರೆ ಬ ಶೇ 25 ನಿಧಾನ. ಈಗ ಬ-ವನ್ನು ಮಾನದಂಡ ಮಾಡಿ. ಅ-ಗೆ ಹಿಡಿದದ್ದು ಅರ್ಧ ಪಟ್ಟು ಮತ್ತು 2 ಪಟ್ಟು, ಸರಾಸರಿ ಮತ್ತೆ 1.25. ಈಗ ಅ ಶೇ 25 ನಿಧಾನ! ಸಮಯ ಬದಲಾಗಿಲ್ಲ, ಯಾರೂ ಸುಳ್ಳು ಹೇಳಿಲ್ಲ, ಆದರೂ ಇಬ್ಬರೂ ಸೇಲ್ಸ್‌ಮನ್‌ಗಳು ತಮ್ಮ ತಮ್ಮ ಸ್ಲೈಡ್ ಮಾಡ್ಕೋಬಹುದು. ಅಂಕಗಳನ್ನು ಗುಣಿಸಿ ವರ್ಗಮೂಲ ತೆಗೆದರೆ, ಅದೇ ಗುಣೋತ್ತರ ಸರಾಸರಿ, ಎರಡೂ ಕಡೆಯಿಂದ 1 ಬರುತ್ತೆ. ಸ್ಪೆಕ್ ಮೊದಲಿನಿಂದಲೂ ಇದನ್ನೇ ಬಳಸೋದು. ಒಟ್ಟು ಸಮಯ ಕೂಡಿಸಿದರೆ ಅ-ಗೆ 110, ಬ-ಗೆ 70. ಎರಡನ್ನೂ ಒಂದೊಂದೇ ಸಲ ಓಡಿಸುವವರಿಗೆ ಬ ನಿಚ್ಚಳವಾಗಿ ಲಾಭ. ಆದರೆ ದಿನಕ್ಕೆ ನೂರು ಸಲ ಮೊದಲ ಪ್ರೋಗ್ರಾಂ ಮಾತ್ರ ಓಡಿಸುವವರಿಗೆ ಅ ಬೇಕು. ಯಾವ ಸರಾಸರಿಯೂ ನಿಮ್ಮ ದಿನಚರಿಯನ್ನು ಊಹಿಸಲಾರದು.

ಇನ್ನೊಂದು ಭೇದ, ವೇಗ ಮತ್ತು ಪ್ರಮಾಣ. ಬೆಂಗಳೂರಿನಿಂದ ಮೈಸೂರಿಗೆ ಒಬ್ಬ ಮನುಷ್ಯ ಎಷ್ಟು ಬೇಗ ತಲುಪ್ತಾನೆ ಅನ್ನೋದಕ್ಕೆ ಕಾರು ಗೆಲ್ಲುತ್ತೆ. ಒಂದು ಗಂಟೆಯಲ್ಲಿ ಎಷ್ಟು ಜನರನ್ನು ತಲುಪಿಸ್ತೀರಿ ಅಂದ್ರೆ ರೈಲು. ಸ್ಪೆಕ್‌ನಲ್ಲಿ ಈ ಎರಡಕ್ಕೂ ಬೇರೆ ಬೇರೆ ಸ್ಕೋರ್. ಫೋನ್ ವಿಮರ್ಶೆಗಳಲ್ಲಿ ಬರುವ ಸಿಂಗಲ್-ಕೋರ್, ಮಲ್ಟಿ-ಕೋರ್ ಎಂಬ ಎರಡು ಸಂಖ್ಯೆಗಳ ಹಿಂದೆಯೂ ಸುಮಾರಾಗಿ ಇದೇ ಯೋಚನೆ ಇದೆ.

ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದರೆ

ಇನ್ನು ಕಳ್ಳಾಟದ ವಿಷಯ. ಸ್ಪೆಕ್‌ನ ಮೊದಲ ಕಂತಿನಲ್ಲಿ ಮ್ಯಾಟ್ರಿಕ್ಸ್300 ಅಂತ ಒಂದು ಪ್ರೋಗ್ರಾಂ ಇತ್ತು. ಅದರ ಹೆಚ್ಚುಕಡಿಮೆ ಇಡೀ ಸಮಯ ಕೋಡ್‌ನ ಒಂದೇ ಒಂದು ಸಾಲಿನಲ್ಲಿ ಕಳೆಯುತ್ತಿತ್ತು. ಕಂಪೈಲರ್ ಬರೆಯುವವರು ಆ ಸಾಲನ್ನು ಹಿಡಿದು, ಲೆಕ್ಕವನ್ನು ಕ್ಯಾಶ್‌ಗೆ ಹೊಂದುವ ತುಂಡುಗಳಾಗಿ ಒಡೆದರು. ಸ್ಕೋರ್ ಹಲವು ಪಟ್ಟು ಹಾರಿತು. ಯಂತ್ರ ಹಳೆಯದೇ! 1992ರ ಕಂತಿನಲ್ಲಿ ಮ್ಯಾಟ್ರಿಕ್ಸ್300 ಇರಲಿಲ್ಲ.

ಅದು ಹಳೇ ಕಥೆ ಅಂದ್ಕೋಬೇಡಿ. 2024ರಲ್ಲಿ ಸ್ಪೆಕ್ ಸಂಸ್ಥೆ ಇಂಟೆಲ್ ಕಂಪೈಲರ್‌ನಿಂದ ಬಂದ 2,600ಕ್ಕೂ ಹೆಚ್ಚು ಫಲಿತಾಂಶಗಳ ಮೇಲೆ 'ಇವು ಮಾನ್ಯವಲ್ಲ' ಎಂಬ ಟಿಪ್ಪಣಿ ಹಾಕಿತು. ಎಕ್ಸ್‌ಎಂಎಲ್ ಕಡತವನ್ನು ಎಚ್‌ಟಿಎಂಎಲ್‌ಗೆ ಬದಲಿಸುವ ಒಂದು ಪರೀಕ್ಷೆಯ ಕೋಡ್ ಮತ್ತು ಡೇಟಾ ಹೇಗಿದೆ ಅಂತ ಮೊದಲೇ ತಿಳಿದು, ಅದಕ್ಕೆಂದೇ ಹೊಂದುವ ತಂತ್ರವನ್ನು ಕಂಪೈಲರ್ ಬಳಸಿತ್ತು ಅನ್ನೋದು ಕಾರಣ. ಯಾವುದೇ ಪ್ರೋಗ್ರಾಂಗೆ ಉಪಯೋಗವಾಗುವ ಜಾಣತನ ತಂದರೆ ಅದು ಎಂಜಿನಿಯರಿಂಗ್. ಈ ಪರೀಕ್ಷೆಗೆ ಮಾತ್ರ ಉಪಯೋಗವಾಗುವ ಜಾಣತನ ಅಂದ್ರೆ ಪ್ರಶ್ನೆಪತ್ರಿಕೆ ಲೀಕ್ ಆದ ಹಾಗೆ. ಸ್ಪೆಕ್‌ನ ಹೆಚ್ಚುಗಾರಿಕೆ ಏನಂದ್ರೆ ಪ್ರತಿ ಫಲಿತಾಂಶದ ಜೊತೆ ಕಂಪೈಲರ್ ಯಾವುದು, ಯಾವ ಸೆಟ್ಟಿಂಗ್, ಎಷ್ಟು ಮೆಮೊರಿ ಅಂತ ಪೂರ್ತಿ ಬರೀಬೇಕು. ಅದಿದ್ದಿದ್ದಕ್ಕೇ ಹಿಂದಿರುಗಿ 2,600 ಫಲಿತಾಂಶ ಗುರುತಿಸೋಕೆ ಆಯ್ತು.

ಫೋನ್‌ಗಳಲ್ಲಿ ಇಷ್ಟು ನಾಜೂಕಿಲ್ಲ. 2013ರಲ್ಲಿ ಆನಂದ್‌ಟೆಕ್ ತಾಣ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರ ಎಕ್ಸಿನೋಸ್ ಮಾಡೆಲ್‌ನ ಗ್ರಾಫಿಕ್ಸ್ ಚಿಪ್ ಮಾಮೂಲಿ ಆ್ಯಪ್‌ಗಳಲ್ಲಿ 480 ಮೆಗಾಹರ್ಟ್ಸ್ ದಾಟಲ್ಲ, ಕೆಲವು ಬೆಂಚ್‌ಮಾರ್ಕ್ ಆ್ಯಪ್ ತೆರೆದರೆ ಮಾತ್ರ 530ರ ಆಸುಪಾಸು ಹೋಗುತ್ತೆ ಅಂತ ತೋರಿಸಿತು. ಫೋನು ಆ್ಯಪ್‌ನ ಹೆಸರು ನೋಡಿ ಗುರುತು ಹಿಡೀತಿತ್ತು! ಇನ್‌ಸ್ಪೆಕ್ಟರ್ ಬರುವ ದಿನ ಶಾಲೆಗೆ ಸುಣ್ಣ ಹೊಡೆದಂತೆ. 2018ರಲ್ಲಿ 3ಡಿಮಾರ್ಕ್ ಪಟ್ಟಿಯಿಂದ ಹುವಾವೆಯ ಪಿ20 ಮುಂತಾದ ಫೋನ್‌ಗಳು ಹೊರಬಿದ್ದವು. 2021ರಲ್ಲಿ ಒನ್‌ಪ್ಲಸ್ 9 ಮತ್ತು ಮರುವರ್ಷ ಸ್ಯಾಮ್‌ಸಂಗ್ ಎಸ್22 ಗೀಕ್‌ಬೆಂಚ್ ಪಟ್ಟಿಯಿಂದ ಹೊರಗೆ. ಈ ಕೊನೆಯ ಎರಡರಲ್ಲಿ ಆಟ ತಿರುವುಮುರುವು: ಬೆಂಚ್‌ಮಾರ್ಕ್ ಆ್ಯಪ್ ವೇಗ ಹೆಚ್ಚಿಸೋ ಬದಲು, ನಾವು ದಿನವೂ ಬಳಸುವ ಆ್ಯಪ್‌ಗಳನ್ನು ಬ್ಯಾಟರಿ, ಬಿಸಿ ಅಂತ ನಿಧಾನ ಮಾಡಿ ಬೆಂಚ್‌ಮಾರ್ಕ್ ಅನ್ನು ಮಾತ್ರ ಮುಟ್ಟದೆ ಬಿಟ್ಟಿದ್ದರು. ನನ್ನ ಪ್ರಕಾರ ಇದು ಇನ್ನೂ ಕೆಟ್ಟದ್ದು. ಫೋನ್ ಬಿಸಿಯಾಗದಿರಲಿ ಅನ್ನೋದು ಒಳ್ಳೆಯ ಉದ್ದೇಶವೇ, ಆದರೆ ಅದನ್ನು ಕೊಳ್ಳುವವನಿಗೆ ಹೇಳಬೇಕಿತ್ತು.

'ಅಣ್ಣಾ, ಐ7 ತಗೊಳ್ಳಲಾ?'

ಹಾಸನದಲ್ಲಿರುವ ಚಿಕ್ಕಪ್ಪನ ಮಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಾಗ ಬಂದ ವಾಟ್ಸ್‌ಆ್ಯಪ್ ಪ್ರಶ್ನೆ ಇದು. ಚಿಕ್ಕಪ್ಪ ಎತ್ತಿಟ್ಟಿದ್ದು ಅರವತ್ತು ಸಾವಿರ, ಅದರಲ್ಲಿ ನಾಲ್ಕು ವರ್ಷ ನಡೀಬೇಕು. ಆಯ್ಕೆ ಎರಡು: ತೆಳ್ಳಗಿನ ಐ7-1255ಯು, ಸ್ವಲ್ಪ ದಪ್ಪದ ಐ5-12500ಎಚ್.

'ಐ7 ಅಲ್ವಾ ಅಣ್ಣಾ ದೊಡ್ಡದು? ಅಪ್ಪನೂ ಅದನ್ನೇ ಹೇಳ್ತಿದ್ದಾರೆ.'

'ಕೊನೇ ಅಕ್ಷರ ನೋಡು ಕಣೋ. ಯು ಅಂದ್ರೆ 15 ವಾಟ್‌ದು, ಎಚ್ ಅಂದ್ರೆ 45.'

ಆ ಐ7ನಲ್ಲಿ ದೊಡ್ಡ ಕೋರ್ 2, ಸಣ್ಣ ಕೋರ್ 8. ಐ5ನಲ್ಲಿ ದೊಡ್ಡವು 4, ಸಣ್ಣವು 8. ಒಂದೇ ಕೋರ್ ಓಡುವಾಗ ಐ7 ಗರಿಷ್ಠ 4.7 ಗಿಗಾಹರ್ಟ್ಸ್, ಐ5 4.5. ಹಾಗಾಗಿ ಸಿಂಗಲ್-ಕೋರ್ ಸ್ಕೋರ್ ನೋಡಿದರೆ ಐ7 ಸಮ ಅಥವಾ ಕೂದಲೆಳೆಯಷ್ಟು ಮೇಲೆ. ಎಲ್ಲಾ ಕೋರ್‌ಗಳಿಗೂ ಕೆಲಸ ಕೊಟ್ಟು ಹತ್ತು ನಿಮಿಷ ಬಿಟ್ಟರೆ ಐ5 ಮುಂದೆ ಹೋಗುತ್ತೆ. ಬ್ಯಾಟರಿ ಹೆಚ್ಚು ಬೇಕು, ಚೀಲದಲ್ಲಿ ಹೊರೆ ಕಡಿಮೆ ಇರಲಿ ಅಂದ್ರೆ ಯು ವಾಸಿ. ಅವನು ಕೋಡ್ ಕಂಪೈಲ್ ಮಾಡಬೇಕು, ಹಾಸ್ಟೆಲ್‌ನಲ್ಲಿ ಪ್ಲಗ್ ಪಾಯಿಂಟ್ ಇದ್ದೇ ಇದೆ. ಐ5 ತಗೊಂಡ. ಚಿಕ್ಕಪ್ಪನಿಗೆ 'ಐ7 ಬಿಟ್ಟು ಐ5 ಯಾಕೆ' ಅಂತ ಒಪ್ಪಿಸೋಕೆ ಫೋನಿನಲ್ಲಿ ಅರ್ಧ ಗಂಟೆ ಹಿಡೀತು.

ಎಎಂಡಿ ಕಡೆಯೂ ಹೆಸರಿನ ಗೊಂದಲ ಕಡಿಮೆಯಿಲ್ಲ. ರೈಜೆನ್ 5 7520ಯು ಅಂದ್ರೆ 7000 ಸರಣಿ, ಹೊಸದು ಅಂತಲೇ ಅನ್ಸುತ್ತೆ. ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, 4 ಕೋರ್. ಹತ್ತೇ ಸಂಖ್ಯೆ ಮೇಲಿರುವ 7530ಯು ಝೆನ್ 3, 6 ಕೋರ್. ಅಂಗಡಿಯ ಚೀಟಿಯಲ್ಲಿ ಎರಡೂ 'ರೈಜೆನ್ 5'. ಇಂಥ ಕಡೆ ಬೆಂಚ್‌ಮಾರ್ಕ್ ನಿಜವಾಗಿಯೂ ಕೈ ಹಿಡಿಯುತ್ತೆ. ಹೆಸರು ಮುಚ್ಚಿಟ್ಟಿದ್ದನ್ನು ಸ್ಕೋರ್ ಬಿಚ್ಚಿಡುತ್ತೆ.

ಒಂದೇ ಚಿಪ್ ಇದ್ದರೂ ಎರಡು ಲ್ಯಾಪ್‌ಟಾಪ್‌ಗಳ ಸ್ಕೋರ್ ಒಂದೇ ಇರಬೇಕಿಲ್ಲ. ಫ್ಯಾನ್ ಚಿಕ್ಕದಿದ್ದರೆ ಮೊದಲ ನಿಮಿಷ ಜೋರಾಗಿ ಓಡಿ ಆಮೇಲೆ ಬಿಸಿಗೆ ಇಳಿಯುತ್ತೆ. ಗೀಕ್‌ಬೆಂಚ್‌ನಂಥ ಪರೀಕ್ಷೆಗಳು ಚಿಕ್ಕ ಚಿಕ್ಕ ಕೆಲಸ ಕೊಟ್ಟು ನಡುವೆ ಉಸಿರಾಡೋಕೆ ಬಿಡುತ್ತವೆ, ಅಲ್ಲಿ ಈ ದೌರ್ಬಲ್ಯ ಕಾಣಲ್ಲ. ಸಿನಿಬೆಂಚ್ ಆರ್23ರ ಹತ್ತು ನಿಮಿಷದ ಓಟದಲ್ಲಿ ಕಾಣುತ್ತೆ. ರ್‍ಯಾಮ್ ಒಂದೇ ಸ್ಟಿಕ್ ಇದ್ದರೆ ಅದಕ್ಕೂ ಅಂಕ ಹೋಗುತ್ತೆ, ವಿಶೇಷವಾಗಿ ಗ್ರಾಫಿಕ್ಸ್‌ನಲ್ಲಿ. ಆದ್ದರಿಂದ ಚಿಪ್ ಹೆಸರಿನ ವಿಮರ್ಶೆ ಓದಿ ಸುಮ್ಮನಾಗಬೇಡಿ, ನೀವು ಕೊಳ್ಳುವ ಮಾಡೆಲ್‌ನದ್ದೇ ಹುಡುಕಿ.

ಎಷ್ಟು ವ್ಯತ್ಯಾಸ ಬಂದ್ರೆ ವ್ಯತ್ಯಾಸ?

ಆಫೀಸಿನಲ್ಲಿ ನಾವು ಕೋಡ್ ಬದಲಿಸಿದಾಗೆಲ್ಲ ವೇಗ ಹೆಚ್ಚಾಯ್ತಾ, ಇಳೀತಾ ಅಂತ ಅಳೀತೀವಿ. ಏನೂ ಬದಲಿಸದೆ ಅದೇ ಪ್ರೋಗ್ರಾಂ ಐದು ಸಲ ಓಡಿಸಿದರೂ ಐದು ಬೇರೆ ಸಮಯ ಬರುತ್ತೆ. ಹಿನ್ನೆಲೆಯಲ್ಲಿ ಅಪ್‌ಡೇಟ್ ಓಡ್ತಿರಬಹುದು, ಎಸಿ ಆಫ್ ಆಗಿರಬಹುದು. ಇದಕ್ಕಿಂತ ವಿಚಿತ್ರವಾದದ್ದನ್ನು 2009ರಲ್ಲಿ ಮಿಟ್ಕೊವಿಚ್ ಮತ್ತು ಸಂಗಡಿಗರ ಸಂಶೋಧನಾ ಪ್ರಬಂಧ ತೋರಿಸಿತು. ಯುನಿಕ್ಸ್ ವ್ಯವಸ್ಥೆಯಲ್ಲಿ ಪ್ರೋಗ್ರಾಂ ಶುರುವಾಗುವಾಗ ಬಳಕೆದಾರರ ಹೆಸರು, ಫೋಲ್ಡರ್ ಹೆಸರು ಇತ್ಯಾದಿಯನ್ನು ಮೆಮೊರಿಯ ಒಂದು ಕಡೆ ತುಂಬುತ್ತಾರೆ. ಅದರ ಗಾತ್ರ ಬದಲಾದರೆ ಪ್ರೋಗ್ರಾಂನ ಡೇಟಾ ಕೂರುವ ಜಾಗ ಸ್ವಲ್ಪ ಸರಿಯುತ್ತೆ, ಅಷ್ಟಕ್ಕೇ ವೇಗ ಬದಲಾಗುತ್ತೆ. ಎಷ್ಟರಮಟ್ಟಿಗೆ ಅಂದ್ರೆ ಕಂಪೈಲರ್‌ನ ಒಂದು ಸೆಟ್ಟಿಂಗ್ ಲಾಭವೋ ನಷ್ಟವೋ ಅನ್ನೋ ತೀರ್ಮಾನವೇ ಮಗುಚಬಹುದು. ಅಂದ್ರೆ ಉದ್ದ ಹೆಸರಿನ ಸಹೋದ್ಯೋಗಿಗೂ ಗಿಡ್ಡ ಹೆಸರಿನವರಿಗೂ ಬೇರೆ ಉತ್ತರ ಬರಬಹುದು!

ಈ ಅನುಭವದಿಂದ ನಾನು ಇಟ್ಟುಕೊಂಡ ಅಂದಾಜು ಹೀಗಿದೆ. ಎರಡು ಲ್ಯಾಪ್‌ಟಾಪ್‌ಗಳ ಸ್ಕೋರ್ ನಡುವೆ ಶೇ 5ರ ವ್ಯತ್ಯಾಸವಿದ್ದರೆ ಅದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಲ್ಲ. ಶೇ 10 ಕೂಡ ಕೈಗೆ ಗೊತ್ತಾಗಲ್ಲ. ಶೇ 30, 40 ಇದ್ದರೆ ಕೂತು ಯೋಚಿಸ್ತೀನಿ. ಬ್ರೌಸರ್, ಎಕ್ಸೆಲ್, ಮೀಟಿಂಗ್ ಕಾಲ್ ಇಷ್ಟೇ ಕೆಲಸವಾದರೆ ಸಿಂಗಲ್-ಕೋರ್ ಸ್ಕೋರ್ ನೋಡಿ, ಉಳಿದ ದುಡ್ಡನ್ನು 16 ಜಿಬಿ ರ್‍ಯಾಮ್‌ಗೆ ಹಾಕಿ. ವಿಡಿಯೊ ಎಡಿಟಿಂಗ್, ದೊಡ್ಡ ಕೋಡ್‌ಬೇಸ್ ಇದ್ದರೆ ಮಲ್ಟಿ-ಕೋರ್ ನೋಡಿ, ಅದೂ ಹೆಚ್ಚು ಹೊತ್ತು ಓಡಿಸಿದ್ದು. ಎಲ್ಲವನ್ನೂ ಒಟ್ಟು ಸೇರಿಸಿ ಲಕ್ಷಗಳಲ್ಲಿ ತೋರಿಸುವ ಅಂಟುಟು ಸ್ಕೋರ್‌ನಲ್ಲಿ ಗ್ರಾಫಿಕ್ಸ್, ಮೆಮೊರಿ ಎಲ್ಲಾ ಬೆರೆತಿರುತ್ತೆ. ಬಿಡಿ ಅಂಕಗಳನ್ನು ತೆರೆದು ನೋಡದೆ ಅದರಿಂದ ಪ್ರೊಸೆಸರ್ ಬಗ್ಗೆ ಏನೂ ಹೇಳೋಕಾಗಲ್ಲ. ಇನ್ನು ಗೀಕ್‌ಬೆಂಚ್ 5ರ ಸ್ಕೋರನ್ನು ಗೀಕ್‌ಬೆಂಚ್ 6ರ ಜೊತೆ ಹೋಲಿಸಲೇಬೇಡಿ. 5ರಲ್ಲಿ ಮಾನದಂಡದ ಚಿಪ್‌ಗೆ 1000 ಅಂಕ, 6ರಲ್ಲಿ ಬೇರೊಂದು ಚಿಪ್‌ಗೆ 2500. ಅಳತೆಗೋಲೇ ಬೇರೆ.

ಖರೀದಿಸಿ ಮನೆಗೆ ತಂದ ಮೇಲೂ ಒಂದು ಕೆಲಸ ಬಾಕಿ ಇರುತ್ತೆ. ರಿಟರ್ನ್ ಅವಧಿ ಮುಗಿಯುವ ಮುಂಚೆ, ವಿಂಡೋಸ್ ಅಪ್‌ಡೇಟ್ ಪೂರ್ತಿ ಇಳಿದ ಮೇಲೆ, ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಸಿನಿಬೆಂಚ್ ಓಡಿಸಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಿಮಗೆ ಸಿಟ್ಟು ತರಿಸುತ್ತಿದ್ದ ಒಂದು ಕೆಲಸವನ್ನು ಆರಿಸ್ಕೊಳ್ಳಿ, ಅದು ನಿಮ್ಮ ಪ್ರಾಜೆಕ್ಟ್ ಬಿಲ್ಡ್ ಆಗಿರಬಹುದು, ಐವತ್ತು ಸಾವಿರ ಸಾಲಿನ ಎಕ್ಸೆಲ್ ಶೀಟ್ ತೆರೆಯೋದಿರಬಹುದು. ಎರಡೂ ಯಂತ್ರದಲ್ಲಿ ಅದೇ ಫೈಲ್ ಇಟ್ಟು, ಫೋನಿನ ಸ್ಟಾಪ್‌ವಾಚ್ ಹಿಡಿದು ಮೂರು ಮೂರು ಸಲ ಅಳೆದು ನಡುವಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದೇ ಮಾಡೆಲ್‌ನ ವಿಮರ್ಶೆಗಳಲ್ಲಿ ಬಂದ ಸ್ಕೋರ್‌ಗಿಂತ ನಿಮ್ಮ ಸಿನಿಬೆಂಚ್ ಸ್ಕೋರ್ ತೀರಾ ಕಡಿಮೆ ಬಂದಿದ್ದರೆ ಮೊದಲು ಪವರ್ ಮೋಡ್, ಆಮೇಲೆ ರ್‍ಯಾಮ್ ಸ್ಟಿಕ್ ಒಂದೋ ಎರಡೋ ಅಂತ ನೋಡಿ. ಎರಡೂ ಸರಿಯಿದ್ದು ಫ್ಯಾನ್ ಮಾತ್ರ ಬೊಬ್ಬೆ ಹೊಡೀತಿದ್ದರೆ, ಬಾಕ್ಸ್ ಮತ್ತು ಬಿಲ್ ಹುಡುಕಿ ಇಟ್ಟುಕೊಳ್ಳಿ.